ಬಿದಿಗೆ ಚಂದ್ರನ ನಂತರ ನೋಡುವ ಮುಖ

ಮೊದಲ ವಾಕ್ಯಕ್ಕೆ ಚಂದ್ರನನ್ನು ಕರೆಯಲೋ, ಸುಭದ್ರಮ್ಮನನ್ನು ಕರೆಯಲೋ, ನೀವೇ ಹೇಳಿ. ಚಂದ್ರನನ್ನು ಕರೆದರೆ ಕಥೆಗೆ ತಾನಾಗಿಯೇ ಒಂದು ಚೆಲುವು ಬರುತ್ತದೆ, ಸಂಪಾದಕರಿಗೂ ಖುಷಿ. ಸುಭದ್ರಮ್ಮನನ್ನು ಕರೆದರೆ ಆಕೆ ಎರಡನೆಯ ವಾಕ್ಯದಲ್ಲೇ ಕಾಲು ಚಾಚಿ ಕೂತು, ಮೂರನೆಯದನ್ನು ತಾನೇ ಹೇಳತೊಡಗುತ್ತಾಳೆ. ಇಬ್ಬರನ್ನೂ ಒಟ್ಟಿಗೆ ಕರೆಯೋಣವೆಂದರೆ ಅಲ್ಲೇ ಇರುವುದು ತೊಡಕು: ಒಂದು ವರ್ಷದಿಂದ ಸುಭದ್ರಮ್ಮನಿಗೆ ಚಂದ್ರ ಕಾಣುತ್ತಿಲ್ಲ.

(ನೋಡಿ, ಗುಟ್ಟು ಬಿಟ್ಟುಕೊಟ್ಟೆ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಕೊನೆಯ ಪುಟದವರೆಗೆ ಬಚ್ಚಿಡುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.)

ಆರಂಭ ೧, ಹರಿದು ಹಾಕಿದ್ದು

"ನಾರಾಯಣಖೇಡದ ಪಡುವಣ ಬಾನಿನಲ್ಲಿ ಬೆಳ್ಳಿಯ ಕುಡುಗೋಲೊಂದು..."

ಬೇಡ. ಬೆಳ್ಳಿಯ ಕುಡುಗೋಲು ಎಂದು ಬರೆದ ಕೈಗೆ ನಾಚಿಕೆ ಆಗಬೇಕು. ಸುಭದ್ರಮ್ಮನ ಗಲ್ಲಿಯಲ್ಲಿ ಯಾರೂ ಚಂದ್ರನ ಬಗ್ಗೆ ಹಾಗೆಲ್ಲ ಮಾತಾಡುವುದಿಲ್ಲ. "ಬಂದಾನೇನು?" ಎಂದು ಕೇಳುತ್ತಾರೆ, ಮನೆಯ ಅಳಿಯನ ವಿಷಯ ಕೇಳಿದ ಹಾಗೆ.

ಆರಂಭ ೨, ಇದೂ ನಿಲ್ಲಲಿಲ್ಲ

"ಅಮಾವಾಸ್ಯೆಯ ನಂತರ ಪಾಡ್ಯ, ಪಾಡ್ಯದ ನಂತರ ಬಿದಿಗೆ..."

ಇದು ಕಥೆಯಲ್ಲ, ಪಾಠ. ಆದರೂ ಇಷ್ಟು ಪಾಠ ನಿಮಗೆ ಬೇಕೇ ಬೇಕು, ಇಲ್ಲದಿದ್ದರೆ ಮುಂದೆ ಯಾರು ಯಾಕೆ ಮುನಿದರು ಎನ್ನುವುದು ತಿಳಿಯುವುದಿಲ್ಲ. ಬೇಗ ಮುಗಿಸುತ್ತೇನೆ.

ಖೇಡದಿಂದ ಜಹೀರಾಬಾದಿನ ರಸ್ತೆ ಹಿಡಿದರೆ ಬಸ್ಸು ಹೆಸರಿಗೆ ಮಾತ್ರ ನಿಲ್ಲುವ ಒಂದು ಊರಿದೆ. (ನಾರಾಯಣಖೇಡ ಎಂದು ಪೂರ್ತಿ ಹೇಳುವಷ್ಟು ಪುರಸೊತ್ತು ಇಲ್ಲಿ ಯಾರಿಗೂ ಇಲ್ಲ.) ಅಲ್ಲೊಂದು ಗಲ್ಲಿ. ಗಲ್ಲಿಯ ಒಂದು ತುದಿಗೆ ಕುರಿ ಸಾಕುವ ಮನೆಗಳು, ಇನ್ನೊಂದು ತುದಿಗೆ ಬೇಳೆ ವ್ಯಾಪಾರದ ಲಿಂಗಾಯತರ ಮನೆಗಳು, ನಡುವೆ ತಾಂಡೂರಿನ ಫರ್ಸಿ ಕಲ್ಲು ಹಾಸಿದ ಒಂದು ಕಟ್ಟೆ. ಕಟ್ಟೆಯ ಪಶ್ಚಿಮಕ್ಕೆ ಮನೆಗಳಿಲ್ಲ. ಬಯಲು, ಬಯಲಿನಲ್ಲಿ ನೀರಿನ ಟಾಕಿ, ಅದರ ಬಲಕ್ಕೆ ಒಂದು ಹುಣಸೆ ಮರ. ಪ್ರತಿ ತಿಂಗಳು ಬಿದಿಗೆಯ ಸಂಜೆ ಹೊತ್ತು ಮುಳುಗಿದ ಕೂಡಲೇ ಗಲ್ಲಿಯವರು ಆ ಕಟ್ಟೆಗೆ ಬರುತ್ತಾರೆ. ಯಾರಿಗೆ ಮೊದಲು ಎಳೆಚಂದ್ರ ಕಾಣುತ್ತಾನೋ ಅವರು "ಕಂಡೆ" ಎಂದು ಕೂಗಿ ಬೆರಳು ತೋರಿಸಬೇಕು. ಉಳಿದವರು ಆ ಬೆರಳಿನ ಗುರಿ ಹಿಡಿದು ನೋಡಬೇಕು. ನೋಡಿದವರು ಉಟ್ಟ ಬಟ್ಟೆಯಿಂದ ಒಂದು ಎಳೆ ಕಿತ್ತು ಚಂದ್ರನ ಕಡೆ ಊದಿ, "ಎಳಿ ನಿನಗ, ಸೀರಿ ನನಗ" ಎಂದು ಕೈ ಮುಗಿಯಬೇಕು. ಗಂಡಸರಾದರೆ ಧೋತರ ಅನ್ನುತ್ತಾರೆ. ಜೀನ್ಸಿನಿಂದ ಎಳೆ ಕೀಳುವುದು ಕಷ್ಟ. ಈಗಿನ ಹುಡುಗರು ಹರಿದ ಜೀನ್ಸ್ ಕೊಳ್ಳುವುದು ಅದಕ್ಕೇ ಇರಬೇಕು.

ಮುಖ್ಯವಾದದ್ದು ಇನ್ನು ಬರುತ್ತದೆ. ಚಂದ್ರನನ್ನು ನೋಡಿದ ಕಣ್ಣನ್ನು ಅತ್ತಿತ್ತ ಆಡಿಸುವ ಹಾಗಿಲ್ಲ. ಅದು ಮೊದಲು ಯಾರ ಮುಖ ನೋಡುತ್ತದೋ ಆ ತಿಂಗಳೆಲ್ಲ ಅವರ ಗುಣದಂತೆ ನಡೆಯುತ್ತದೆ ಎಂದು ನಂಬಿಕೆ. ಈ ಗಲ್ಲಿಯವರು ಚಂದ್ರನನ್ನು ತೋರಿಸಿದವರ ಮುಖವನ್ನೇ ನೋಡುತ್ತಾರೆ. ನಲವತ್ತು ವರ್ಷಗಳಿಂದ ಆ ಮುಖ ಸುಭದ್ರಮ್ಮನದು.

(ಪಕ್ಕದ ಗಲ್ಲಿಯ ಮುಸಲ್ಮಾನರೂ ರಂಜಾನಿನ ಚಂದ್ರನಿಗಾಗಿ ಇದೇ ಬಯಲಿನ ಕಡೆ ನೋಡುತ್ತಾರೆ, "ಸುಭದ್ರಮ್ಮಗ ಕಂಡಾನೇನು?" ಎಂದು ಕೇಳಿ ಕಳಿಸುತ್ತಾರೆ. ಇದರ ಮೇಲೊಂದು ಸೌಹಾರ್ದದ ಕಥೆ ಬರೆದು ಬಹುಮಾನ ಹೊಡೆಯೋಣವೆಂದುಕೊಂಡಿದ್ದೆ. ಸುಭದ್ರಮ್ಮ ಒಪ್ಪಲಿಲ್ಲ. "ಅದ್ರಾಗ ಬರಿಯಾಕ ಏನದ? ಅವ್ರು ಕೇಳ್ತಾರ, ನಾ ಹೇಳ್ತೀನಿ" ಎಂದಳು. ಬಹುಮಾನ ಹೋಯಿತು.)

೩

(ಒಂದು, ಎರಡು ಮೇಲೆ ಖರ್ಚಾದವು.)

ಸುಭದ್ರಮ್ಮನಿಗೆ ತನ್ನ ಕಣ್ಣಿನ ಮೇಲೆ ಇದ್ದ ಹೆಮ್ಮೆ ಸಣ್ಣದಲ್ಲ. ಅತ್ತೆ ಮನೆಗೆ ಬಂದ ಹೊಸದರಲ್ಲಿ ಗಂಡ ಧರ್ಮಣ್ಣನ ಜೊತೆ ಕುರಿ ಹಿಂಡಿನ ಹಿಂದೆ ಬೀಡುಬೀಡು ತಿರುಗಿದವಳು. ಮುಚ್ಚಂಜೆಯಲ್ಲಿ ಇನ್ನೊಬ್ಬರ ಹಿಂಡಿಗೆ ಸೇರಿಕೊಂಡ ತನ್ನ ಕುರಿಯನ್ನು ದೂರದಿಂದಲೇ ಹೆಸರು ಹಿಡಿದು ಕರೆಯುತ್ತಿದ್ದಳು. ಧರ್ಮಣ್ಣ ಬೀಗರ ಮುಂದೆ ಅದನ್ನು ಹೇಳಿಕೊಳ್ಳುವನು, ಅವಳು ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುವಳು, ಕೇಳಿಸದವಳ ಹಾಗೆ ಮತ್ತೆರಡು ರೊಟ್ಟಿ ಜಾಸ್ತಿ ಬಡಿಯುವಳು. ಮದುವೆಯಾಗಿ ಬಂದ ಮೊದಲ ವರ್ಷವೇ ಒಂದು ಬಿದಿಗೆಯಂದು ಹಿರಿಯರಿಗಿಂತ ಮುಂಚೆ "ಕಂಡೆ" ಎಂದುಬಿಟ್ಟಳು. ಹೊಸ ಸೊಸೆಯ ಬಾಯಿ ಜೋರು ಎಂದು ನಾಲ್ಕು ಜನ ಗೊಣಗಿದರು. ಬೆರಳು ಹಿಡಿದು ನೋಡಿದರೆ ಚಂದ್ರ ಅಲ್ಲೇ ಇದ್ದ. ಅವತ್ತಿನಿಂದ ಆ ಬೆರಳು ಇಳಿಯಲಿಲ್ಲ.

ಎದುರಾಳಿ ಇಲ್ಲದೆ ಇಂಥ ಹೆಮ್ಮೆ ರುಚಿಸುವುದಿಲ್ಲ. ಸುಭದ್ರಮ್ಮನ ಎದುರಾಳಿ ತಾರಾಬಾಯಿ. ಬೇಳೆ ವ್ಯಾಪಾರದ ವೈಜಿನಾಥರ ಹೆಂಡತಿ, ಸುಭದ್ರಮ್ಮನಿಗಿಂತ ಒಂದು ವರ್ಷ ಮೊದಲು ಈ ಗಲ್ಲಿಗೆ ಸೊಸೆಯಾಗಿ ಬಂದವಳು, ಆ ಒಂದು ವರ್ಷವನ್ನು ಇನ್ನೂ ಬಿಟ್ಟುಕೊಡದವಳು. ಪ್ರತಿ ಬಿದಿಗೆಗೂ ಸುಭದ್ರಮ್ಮನ ಪಕ್ಕದಲ್ಲೇ ನಿಲ್ಲುತ್ತಾಳೆ. ಪ್ರತಿ ಬಿದಿಗೆಗೂ ಸುಭದ್ರಮ್ಮ "ಕಂಡೆ" ಎಂದಾಗ ಈಕೆಯ ಬಾಯಿ ಅರ್ಧ ತೆರೆದಿರುತ್ತದೆ. ಆಮೇಲೆ ಬರುವ ಮಾತು ಗಲ್ಲಿಯ ಮಕ್ಕಳಿಗೂ ಬಾಯಿಪಾಠ:

"ನಾನೂ ಈಗ ಅನ್ನಾಕ ಹತ್ತಿದ್ದೆ."

ಅಲ್ಲಿಂದ ಜಗಳ. ಅನ್ನಾಕ ಹತ್ತಿದ್ರ ಅನ್ನಬೇಕಿತ್ತು ಎಂದು ಇವಳು, ಉಸಿರು ತೊಗೋಣಾಕೂ ಬಿಡಂಗಿಲ್ಲ ಎಂದು ಅವಳು. ಪಾನಕ ಹಂಚಿ ಮುಗಿಯುವವರೆಗೆ ಅದು ನಡೆಯುತ್ತದೆ. ಆ ಜಗಳವಿಲ್ಲದ ಬಿದಿಗೆಯನ್ನು ಗಲ್ಲಿ ಕಂಡಿಲ್ಲ.

ತಪ್ಪಿತು. ಈ ಉಗಾದಿಗೆ ಮುಂಚೆ ಒಂದನ್ನು ಕಂಡಿದೆ.

ಆ ಒಂದು

ಧರ್ಮಣ್ಣ ಎದೆನೋವು ಬಂದು ಹೋದದ್ದು ಒಂದು ಅಮಾವಾಸ್ಯೆಯ ಮುಂಚೆ. ಸುಭದ್ರಮ್ಮನಿಗೆ ಆಗ ತಲೆಯಲ್ಲಿ ಬಿಳಿಕೂದಲು ಬಂದಿರಲಿಲ್ಲ. ಬಳೆ ತೆಗೆದಿದ್ದರು, ಹಣೆ ಬರಿದಾಗಿತ್ತು. ಬಿದಿಗೆಯ ಸಂಜೆ ಅವಳು ಒಳಗೆ ಜೋಳದ ಚೀಲಗಳ ಮರೆಯಲ್ಲಿ ಕೂತಳು. ಗಂಡ ಸತ್ತ ಹೆಂಗಸಿನ ಮುಖ ನೋಡಿ ತಿಂಗಳು ಶುರು ಮಾಡುವವರು ಯಾರಿದ್ದಾರೆ? ಯಾರೂ ಅವಳಿಗೆ ಹೊರಗೆ ಬರಬೇಡ ಎಂದಿರಲಿಲ್ಲ. ಹೇಳಬೇಕಾದ ಮಾತೇ ಅಲ್ಲ ಅದು, ಎಲ್ಲರಿಗೂ ಗೊತ್ತಿದ್ದದ್ದು.

ಹೊರಗೆ ಕಟ್ಟೆಯ ಹತ್ತಿರ ಜನ ನಿಂತದ್ದು ಕೇಳಿಸುತ್ತಿತ್ತು. "ಕಂಡೆ" ಎನ್ನುವ ದನಿಗಾಗಿ ಕಿವಿಕೊಟ್ಟು ಕೂತಳು. ಇನ್ನು ಅದು ತಾರಾಬಾಯಿಯದೇ, ಬೇರೆ ಯಾರದು ಇರಲು ಸಾಧ್ಯ? ಸುಭದ್ರಮ್ಮನಿಗೆ ಗಂಡ ಹೋದ ದುಃಖದ ನಡುವೆಯೂ ಆ ಒಂದು ಶಬ್ದ ಕೇಳಬೇಕಲ್ಲ ಎಂದು ಹೊಟ್ಟೆ ಉರಿಯಿತು. ಹೊಟ್ಟೆ ಉರಿದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಶಬ್ದ ಬರಲಿಲ್ಲ. ಬದಲಿಗೆ ಬಾಗಿಲ ಹತ್ತಿರ ಏನೋ ಎಡವಿದ ಸದ್ದು, ಕುರಿ ಕಟ್ಟುವ ಗೂಟಕ್ಕೆ ಯಾರದೋ ಕಾಲು ತಾಗಿದ್ದು. ತಾರಾಬಾಯಿ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು, ಗೋಡೆ ತಡವಿಕೊಂಡು ಬಂದು ಹೊಸ್ತಿಲ ಆಚೆ ನಿಂತಿದ್ದಳು.

"ಸುಭದ್ರಾ, ಚಂದ್ರಾಮನ ನೋಡೀನಿ. ಇನ್ನ ಯಾರ ಮುಖಾನೂ ನೋಡಿಲ್ಲ. ಹೊರಗ ಬರ್ತಿಯೋ, ಇಲ್ಲಾ ನಾ ಹಿಂಗೇ ಕಣ್ಣ ಮುಚಗೊಂಡ ಮನಿಗಿ ಹೋಗಿ ರೊಟ್ಟಿ ಸುಡ್ಲೋ?"

ಒಳಗಿನಿಂದ ಸುಭದ್ರಮ್ಮ ಬೇಡವೆಂದಳು, ಒಳ್ಳೆಯದಲ್ಲವೆಂದಳು, ನಿನ್ನ ಮನೆಯಲ್ಲಿ ಗಂಡ ಮಕ್ಕಳಿದ್ದಾರೆ ಎಂದಳು. ತಾರಾಬಾಯಿ ಹೊಸ್ತಿಲು ಬಿಟ್ಟು ಕದಲಲಿಲ್ಲ. ಕೊನೆಗೆ ಸುಭದ್ರಮ್ಮ ಎದ್ದು ಬಾಗಿಲಿಗೆ ಬಂದಳು. ತಾರಾಬಾಯಿ ಸೆರಗು ಸರಿಸಿ ಆ ಬರಿ ಹಣೆಯ ಮುಖವನ್ನು ಸಾವಕಾಶವಾಗಿ ನೋಡಿದಳು. ಅವಳ ಹಿಂದೆ ಗಲ್ಲಿಯವರೆಲ್ಲ ಕಣ್ಣು ನೆಲಕ್ಕೆ ಹಾಕಿ ಬಂದು ನಿಂತಿದ್ದರು. ಒಬ್ಬೊಬ್ಬರಾಗಿ ಕಣ್ಣೆತ್ತಿ ನೋಡಿದರು. ಅವತ್ತಿನಿಂದ ಇವತ್ತಿನವರೆಗೆ ಆ ಮುಖದ ಬಗ್ಗೆ ಯಾರೂ ಎರಡನೆಯ ಮಾತು ಆಡಿಲ್ಲ.

ಇದನ್ನು ಬರೆಯುವಾಗ ನನ್ನ ಎದೆ ಒಂದಿಷ್ಟು ಉಬ್ಬಿತು, ಸುಳ್ಳೇಕೆ ಹೇಳಲಿ. ಇಂಥ ಗಲ್ಲಿಯನ್ನು ಬರೆಯಲು ಸಿಕ್ಕಿತಲ್ಲ ಎಂದು. (ಒಂದು ಸಂಗತಿ ಗಮನದಲ್ಲಿರಲಿ. ಆ ಸಂಜೆ ಚಂದ್ರನನ್ನು ಮೊದಲು ಕಂಡದ್ದು ತಾರಾಬಾಯಿ. ಆದರೆ "ಕಂಡೆ" ಎಂದು ಅವಳು ಕೂಗಲಿಲ್ಲ. ಆ ಶಬ್ದ ಅವಳ ಬಾಯಿಂದ ಇಂದಿಗೂ ಬಂದಿಲ್ಲ.)

ಕಣ್ಣು

ಇಲ್ಲಿ ಮೊಮ್ಮಗಳು ಮೌನಿಕಾ ಬರಬೇಕು. ಸುಭದ್ರಮ್ಮನ ಮಗ ಮೌನೇಶನ ಮಗಳು, ಖೇಡದಿಂದ ಜಹೀರಾಬಾದಿಗೆ ಓಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ತೆಲುಗಿನಲ್ಲಿ ಗದರುತ್ತಾಳೆ, ಉರ್ದುವಿನಲ್ಲಿ ಚಿಲ್ಲರೆ ಕೇಳುತ್ತಾಳೆ, ಕನ್ನಡದಲ್ಲಿ ಅಜ್ಜಿಯ ಜೊತೆ ಸೋಲುತ್ತಾಳೆ.

ಹೋದ ವರ್ಷ ಒಂದು ದಿನ ಸುಭದ್ರಮ್ಮ ಬಸ್ಸು ಹತ್ತಿ, ಬಾಗಿಲಲ್ಲಿ ನಿಂತಿದ್ದ ಕಂಡಕ್ಟರಿಗೆ, "ಯವ್ವಾ, ಇದು ಜಹೀರಾಬಾದಿಗಿ ಹೋಗ್ತದೇನು?" ಎಂದು ಕೇಳಿದಳು. ಕಂಡಕ್ಟರ್ ಹೆಂಗಸರಿಗೆ ಪುಕ್ಕಟೆ ಕೊಡುವ ಜೀರೋ ಟಿಕೆಟ್ ಹರಿದು ಕೈಗಿಟ್ಟು, "ಆಯಿ, ನಾನು" ಎಂದಳು. ಸುಭದ್ರಮ್ಮ ಗೊತ್ತಿತ್ತೆಂದೂ, ನೌಕರಿ ಸರಿಯಾಗಿ ಮಾಡುತ್ತೀಯೋ ಇಲ್ಲವೋ ಪರೀಕ್ಷೆ ಮಾಡಿದೆನೆಂದೂ ಹೇಳಿ, ತಡವಿಕೊಂಡು ಹೋಗಿ ಗಂಡಸರ ಸೀಟಿನಲ್ಲಿ ಕೂತಳು.

ಮೌನಿಕಾ ಮರುವಾರವೇ ಜಹೀರಾಬಾದಿನ ಕಣ್ಣಿನ ಡಾಕ್ಟರ್ ಹತ್ತಿರ ಕರೆದೊಯ್ದಳು. ಎರಡೂ ಕಣ್ಣಿಗೆ ಪೊರೆ, ಸಣ್ಣ ಆಪರೇಶನ್, ಹೆದರುವಂಥದ್ದಲ್ಲ ಎಂದರು. ಸುಭದ್ರಮ್ಮ ಹೆದರಿಯೂ ಇರಲಿಲ್ಲ. ಮೊದಲು ಕುರಿ ಮರಿ ಹಾಕುವ ಕಾಲ ಎಂದಳು, ಆಮೇಲೆ ತೊಗರಿ ರಾಶಿ ಎಂದಳು, ಆಮೇಲೆ ನಡುವೆ ಬಿದಿಗೆ ಬರುತ್ತದೆ ಎಂದಳು. ಬಿದಿಗೆ ಆದ ಮರುದಿನವೇ ಮಾಡಿಸಿದರಾಯಿತು ಎಂದು ಮೌನಿಕಾ ಡಾಕ್ಟರಿಂದ ಬರೆಸಿಕೊಂಡೇ ಬಂದಳು. ನೆಪಗಳು ಮುಗಿದವು. ನಿಜವಾದ ಕಾರಣ ಒಳಗೇ ಉಳಿಯಿತು.

ಅದು ಇಷ್ಟು: ಆಪರೇಶನ್ ಮಾಡಿಸಿಕೊಂಡರೆ, ಇಷ್ಟು ದಿನ ಕಾಣುತ್ತಿರಲಿಲ್ಲ ಎಂದು ಗಲ್ಲಿಗೆಲ್ಲ ಸಾರಿದ ಹಾಗೆ. ಹಾಗಾದರೆ ಹೋದ ತಿಂಗಳು ತೋರಿಸಿದ್ದು ಯಾರು? ಅದರ ಹಿಂದಿನ ತಿಂಗಳು?

ತೋರಿಸಿದ್ದು ಅಂದಾಜು. ಸೂರ್ಯ ಮುಳುಗಿದ ಕೆಂಪು ಮಸುಕಾಗಿ ತಿಳಿಯುತ್ತಿತ್ತು. ಅದರ ಮೇಲೆ ಗೇಣಿನಷ್ಟು ಎತ್ತರಕ್ಕೆ, ಕಾಲ ನೋಡಿ ಎಡಕ್ಕೋ ಬಲಕ್ಕೋ ತುಸು ಸರಿಸಿ, ಬೆರಳು ಎತ್ತಿ "ಕಂಡೆ" ಎನ್ನುವಳು. ಉಳಿದದ್ದನ್ನು ಗಲ್ಲಿಯ ಕಣ್ಣುಗಳು ಮಾಡಿಕೊಳ್ಳುತ್ತಿದ್ದವು. ಹೌದು ಹೌದು, ಅಲ್ಲೇ ಇದ್ದಾನೆ ಎಂದು ಯಾರೋ ಕೂಗಿದಾಗ ಮಾತ್ರ ಅವಳ ಉಸಿರು ಕೆಳಗಿಳಿಯುತ್ತಿತ್ತು. ತಾರಾಬಾಯಿ ಜಗಳ ಶುರು ಮಾಡಿದ ಮೇಲಂತೂ ಪೂರ್ತಿ ನಿರಾಳ.

ಬಲ್ಬು

ಈ ಸಲ ಉಗಾದಿಯ ಮರುದಿನದ ಸಂಜೆ. ಹೊಸ ವರ್ಷದ ಮೊದಲ ಚಂದ್ರ, ಗಲ್ಲಿ ಪೂರ್ತಿ ನೆರೆದಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಇದನ್ನು ನೆನಪಿಡಿ, ಬೇಕಾಗುತ್ತದೆ.

ಅವತ್ತು ಮಧ್ಯಾಹ್ನ ಸುಭದ್ರಮ್ಮ ಕುರಿಗಳ ಹಿಂದೆ ಹೋಗಿದ್ದಾಗ ಪಂಚಾಯ್ತಿಯವರು ಬಂದು ಟಾಕಿಯ ಎಡಬದಿಗೆ ಕಬ್ಬಿಣದ ತೋಳು ಹೊಡೆದು ಒಂದು ಎಲ್‌ಇಡಿ ಬಲ್ಬು ಹಾಕಿ ಹೋಗಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ. ಬಲ್ಬು ಹಾಕಿದ್ದನ್ನು ಕಣ್ಣಿದ್ದವರಿಗೆ ಯಾರು ಹೇಳುತ್ತಾರೆ?

ಕಟ್ಟೆಯ ಮೇಲೆ ನಿಂತು ಪಶ್ಚಿಮಕ್ಕೆ ಮುಖ ಮಾಡಿದಳು. ಎಂದಿನಂತೆ ಎಲ್ಲ ಹಾಲು ಕಲಸಿದ ಹಾಗೆ. ಬೆರಳು ಎಲ್ಲಿಗೆ ಎತ್ತುವುದೆಂದು ಲೆಕ್ಕ ಹಾಕುತ್ತಿದ್ದಾಗಲೇ ಆ ಮಸುಕಿನಲ್ಲಿ ಒಂದು ಬಿಳಿ ಹೊಳಪು ಹುಟ್ಟಿತು. ಸಣ್ಣಗೆ, ಬಾಗಿದಂತೆ. ಒಂದು ವರ್ಷದ ಮೇಲೆ ಅಂದಾಜಿಲ್ಲದೆ, ಲೆಕ್ಕವಿಲ್ಲದೆ, ತನ್ನ ಕಣ್ಣಾರೆ ಕಂಡಿತ್ತು.

"ಕಂಡೆ!"

ಅಷ್ಟು ಗಟ್ಟಿಯಾಗಿ ಅವಳು ಕೂಗಿ ಬಹಳ ದಿನವಾಗಿತ್ತು. ಗಲ್ಲಿಯವರು ಬೆರಳಿನ ಗುರಿ ಹಿಡಿದು ನೋಡಿದರು. ಗುರಿಯ ತುದಿಗೆ ಪಂಚಾಯ್ತಿಯ ಬಲ್ಬು. ನಿಜವಾದ ಚಂದ್ರ ಬಲಕ್ಕೆ, ಹುಣಸೆ ಮರದ ಮೇಲೆ, ಸ್ವಚ್ಛವಾಗಿ ನಿಂತಿದ್ದ.

ಯಾರ ಕುತ್ತಿಗೆಯೂ ಬಲಕ್ಕೆ ತಿರುಗಲಿಲ್ಲ. ತಾರಾಬಾಯಿ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತಳು, ಬಲ್ಬಿನ ಕಡೆ ಊದಿದಳು, "ಎಳಿ ನಿನಗ, ಸೀರಿ ನನಗ" ಎಂದು ಕೈ ಮುಗಿದಳು. ಅವಳ ಹಿಂದೆ ಇಡೀ ಗಲ್ಲಿ ಬಲ್ಬಿಗೆ ಕೈ ಮುಗಿಯಿತು. ಮುಗಿದು, ಎಲ್ಲರೂ ಸುಭದ್ರಮ್ಮನ ಮುಖ ನೋಡಿದರು. ಆ ಮುಖ ಅವತ್ತು ಎಷ್ಟು ಬೆಳಗಿತ್ತೆಂದರೆ, ಚಂದ್ರನನ್ನು ನೋಡದೆ ಹೋದದ್ದಕ್ಕೆ ಯಾರಿಗೂ ನಷ್ಟವಾಯಿತು ಅನ್ನಿಸಲಿಲ್ಲ.

ಆಗ ಕರೆಂಟ್ ಹೋಯಿತು.

(ಕರೆಂಟ್ ತೆಗೆದದ್ದು ನಾನಲ್ಲ. ನಮ್ಮ ಕಡೆ ಅದಕ್ಕೆ ಕಥೆಗಾರ ಬೇಕಾಗಿಲ್ಲ.)

ಸುಭದ್ರಮ್ಮನ ಚಂದ್ರ ಆರಿಹೋದ. ಬೆರಳು ಇನ್ನೂ ಮೇಲೇ ಇತ್ತು.

"ಮೋಡ ಅಡ್ಡ ಬಂತು" ಎಂದಳು ತಾರಾಬಾಯಿ.

ಸುಭದ್ರಮ್ಮ ಬೆರಳು ಇಳಿಸಿದಳು. ಇನ್ನೊಂದು ಮಾತಿಗಾಗಿ ಕಾದಳು, ನಾನೂ ಈಗ ಅನ್ನಾಕ ಹತ್ತಿದ್ದೆ ಎನ್ನುವ ಮಾತಿಗಾಗಿ. ಅದು ಬರಲಿಲ್ಲ. ಕತ್ತಲಲ್ಲೇ ಪಾನಕ ಹಂಚಿದರು. ಯಾರೂ ಜಗಳವಾಡಲಿಲ್ಲ. ಎಲ್ಲರಿಗೂ ಗೊತ್ತಾಗಿದೆ ಎಂದು ಅವಳಿಗೆ ತಿಳಿದದ್ದು ಹಾಗೆ.

ಮರುದಿನ ಮೌನಿಕಾಳನ್ನು ಎದುರು ಕೂರಿಸಿಕೊಂಡು, ನಾನು ತೋರಿಸಿದ್ದು ಏನು ಎಂದು ನೇರವಾಗಿ ಕೇಳಿದಳು. ಮೌನಿಕಾ ಎರಡು ಸಲ ಮಾತು ಹಾರಿಸಿ ಮೂರನೆಯ ಸಲಕ್ಕೆ, ಬಲ್ಬು ಎಂದಳು. ಹುಡುಗಿ ಅಳುವ ಹಾಗಾಗಿದ್ದಳು. ಅಜ್ಜಿ ಅಳಲಿಲ್ಲ.

"ಬಲ್ಬು ಇರ್ಲಿ ಬಿಡು. ತಾರಾ ನನಗ ಮೋಡ ಅಂತಾಳ? ನಲವತ್ತ ವರ್ಷ ಜಗಳಾ ಮಾಡಿದಾಕಿ, ನಿನ್ನೆ ಯಾಕ ಮಾಡ್ಲಿಲ್ಲ?"

ಅವಳಿಗೆ ಕುರುಡು ಸಹ್ಯವಾಗಿತ್ತು. ಕರುಣೆ ಸಹ್ಯವಾಗಲಿಲ್ಲ.

ಮುಕ್ತಾಯಗಳು

ಇಲ್ಲಿಗೆ ಬಂದು ನನ್ನ ಕಥೆ ನಿಂತಿತು. ಜಹೀರಾಬಾದಿನ ಬಾಡಿಗೆ ಮಾಳಿಗೆಯ ಮೇಲೆ ಕೂತು, ತೆಲುಗು ಬೋರ್ಡುಗಳ ನಡುವೆ ಕನ್ನಡ ಬರೆಯುವ ಮನುಷ್ಯ ನಾನು. ನನ್ನ ಓದುಗರನ್ನೆಲ್ಲ ಒಂದು ಆಟೋದಲ್ಲಿ ಕೂರಿಸಬಹುದು, ಡ್ರೈವರ್ ಪಕ್ಕದ ಜಾಗವೂ ಉಳಿಯುತ್ತದೆ. ಆದರೂ ಮುಕ್ತಾಯ ಎಂದ ಮೇಲೆ ಒಂದು ಘನತೆ ಬೇಕಲ್ಲ. ಮುಂದಿನ ಬಿದಿಗೆಗೆ ಸುಭದ್ರಮ್ಮ ಕಟ್ಟೆಗೆ ಬರಬೇಕೋ ಬೇಡವೋ, ಬಂದರೆ ಯಾರಾಗಿ ಬರಬೇಕು? ಬರೆಯತೊಡಗಿದೆ.

ಆಪರೇಶನ್ ಆಯಿತು. ಪಟ್ಟಿ ಬಿಚ್ಚಿದರು. ಬಿದಿಗೆಯ ಸಂಜೆ ಚಂದ್ರ ಗೆರೆ ಕೊರೆದಂತೆ ಕಂಡ, ಗಲ್ಲಿಯ ಕಣ್ಣೆಲ್ಲ ಒದ್ದೆಯಾದವು.

ಸುಭದ್ರಮ್ಮ ಬಂದು ಹಾಳೆಯ ಮೇಲೆ ಕೈ ಇಟ್ಟಳು. "ತಮ್ಮಾ, ಇದು ಕಥಿಯೋ, ದವಾಖಾನಿ ಬೋರ್ಡೋ?"

ಅಳಿಸಿದೆ. ಹಾಗಾದರೆ ಹೊಸ ತಲೆಮಾರು ಬರಲಿ, ಮೌನಿಕಾ ಕಟ್ಟೆ ಹತ್ತಿ ಬೆರಳು ಎತ್ತಲಿ ಎಂದುಕೊಂಡೆ. ಯೂನಿಫಾರ್ಮಿನಲ್ಲಿರುವ 'ಆಧುನಿಕ ಹೆಣ್ಣು', ಅವಳ ಬೆರಳ ತುದಿಯಲ್ಲಿ 'ಪುರಾತನ ಚಂದ್ರ'. ವಿಮರ್ಶಕರು ಕುಣಿದಾಡುತ್ತಾರೆ. ಇದನ್ನು ಬೇಡವೆಂದದ್ದು ಅಜ್ಜಿಯಲ್ಲ, ಮೊಮ್ಮಗಳು. ಆ ಸಂಜೆ ತನಗೆ ಡ್ಯೂಟಿ ಇದೆ, ರಜೆ ಸಿಗುವುದಿಲ್ಲ ಎಂದಳು. ವಿಮರ್ಶಕರಿಗೆ ರಜೆ ಕೊಡಿಸುವ ಅಧಿಕಾರವಿಲ್ಲ.

ಮೂರನೆಯದರಲ್ಲಿ ಚಂದ್ರ ಮೂಡುವ ಹೊತ್ತಿಗೆ ಸುಭದ್ರಮ್ಮ ಕಟ್ಟೆಗೊರಗಿ ಶಾಂತವಾಗಿ ಕಣ್ಣು ಮುಚ್ಚಿದಳು. ಪೂರ್ತಿ ಬರೆಯಲು ಆಕೆ ಬಿಡಲಿಲ್ಲ. ಮುದುಕಿಯರು ನಿಮ್ಮ ಕಥೆಗಳಿಗೆ ಸಾಯಲಿಕ್ಕೇ ಬರುತ್ತಾರೇನು ಎಂದು ಕೇಳಿದಳು. ನನ್ನ ಹಿಂದಿನ ಕಥೆಗಳನ್ನು ನೆನೆಸಿಕೊಂಡೆ. ಹಾಳೆ ಹರಿದೆ.

ಆಮೇಲೆ ಇದು ಹೊಳೆಯಿತು. ತಾರಾಬಾಯಿ ಮುಂದೆ ಬರುತ್ತಾಳೆ. ಸುಭದ್ರಮ್ಮನ ಮಣಿಕಟ್ಟು ಹಿಡಿದು, ಅವಳ ಬೆರಳನ್ನೇ ಮೇಲೆತ್ತಿ, ಚಂದ್ರನ ಕಡೆ ತಿರುಗಿಸುತ್ತಾಳೆ. ಗಲ್ಲಿ ಆ ಬೆರಳಿನ ಗುರಿ ಹಿಡಿದು ನೋಡುತ್ತದೆ. ಬರೆದು ನಾನೇ ಮೂಗು ಒರೆಸಿಕೊಂಡೆ. ಸುಭದ್ರಮ್ಮ ಓದಿಸಿ ಕೇಳಿದಳು. ಇನ್ನೊಮ್ಮೆ ಓದಿಸಿದಳು.

"ಚಂದ ಅದ," ಎಂದಳು. "ಆದ್ರ ನನ್ನ ಕೈ ಯಾರೂ ಎತ್ತೂದು ಬ್ಯಾಡ."

ಹಾಗಾದರೆ ಆಪರೇಶನ್ ಮಾಡಿಸಿಕೊಳ್ಳುವುದೇ ಇಲ್ಲವೇ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ.

"ಮಾಡಿಸ್ಕೋತೀನಿ. ಮೌನಿಕಾಗ ಹೇಳಿ ಆಗ್ಯದ. ಆದ್ರ ಬಿದಿಗಿ ಆದ ಮ್ಯಾಲ, ಅದೂ ನಿನ್ನ ಕಥಿ ಹೊರಗ. ಕಣ್ಣ ನಂದು. ನೀ ಇಷ್ಟ ಬರಿ, ನಾ ಹೇಳಿದಂಗ."

ಬರೆದೆ. ಕೆಳಗಿನದು ಆಕೆ ಹೇಳಿದ್ದು. ಒಂದೆರಡು ಕಡೆ ನಾನು ಕೈಯಾಡಿಸಿದ್ದೇನೆ, ಚಟ.

ಬಿದಿಗೆ

ಹೊತ್ತು ಮುಳುಗಿತು. ಗಲ್ಲಿಯವರು ಬಂದರು, ಆದರೆ ಎಂದಿನ ಗದ್ದಲವಿರಲಿಲ್ಲ. ಸುಭದ್ರಮ್ಮ ಬರುತ್ತಾಳೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮೌನೇಶ ಮುಂಚೆಯೇ ಹೋಗಿ ಟಾಕಿಯ ಬಲ್ಬು ಆರಿಸಿ ಬಂದಿದ್ದ, ತಾಯಿ ಹೇಳಿದ್ದಕ್ಕೆ.

ಅವಳು ಬಂದಳು. ಇಸ್ತ್ರಿ ಮಾಡಿದ ಸೀರೆ, ತಲೆ ತುಂಬ ಸೆರಗು. ಯಾರ ಕೈಯನ್ನೂ ಹಿಡಿಯದೆ ಕಟ್ಟೆ ಹತ್ತಿದಳು. ನಲವತ್ತು ವರ್ಷ ಹತ್ತಿದ ಫರ್ಸಿ ಅದು, ಅದಕ್ಕೆ ಕಣ್ಣು ಬೇಕಿರಲಿಲ್ಲ. ಹತ್ತಿ, ಪಶ್ಚಿಮಕ್ಕೆ ಬೆನ್ನು ಮಾಡಿ, ಗಲ್ಲಿಯ ಕಡೆ ಮುಖ ಮಾಡಿ ನಿಂತಳು. ಜನ ಗುಸುಗುಸು ಎಂದರು. ಮುದುಕಿಗೆ ದಿಕ್ಕು ತಪ್ಪಿತೇ?

"ಒಂದ ವರ್ಷ ಆತು, ನನಗ ಚಂದ್ರಾಮ ಕಾಣವಲ್ದು," ಎಂದಳು. "ಅಂದಾಜಿನ ಮ್ಯಾಲ ತೋರಿಸೀನಿ. ಹ್ವಾದ ತಿಂಗಳ ಬಲ್ಬು ತೋರಿಸೀನಿ, ನೀವು ಗೊತ್ತಿದ್ದೂ ಕೈ ಮುಗದ್ರಿ. ಇವತ್ತ ನಿಮ್ಮ ಕಣ್ಣೀಲೆ ನೋಡ್ರಿ. ಚಂದ್ರಾಮ ನನ್ನ ಹಿಂದ ಬರ್ತಾನ. ಮುಖಾ ಇಲ್ಲೇ ಅದ."

ಮಾಫಿ ಕೇಳಿದಂತೆ ಅವಳ ಮಾತಿನಲ್ಲಿ ಎಲ್ಲೂ ಇರಲಿಲ್ಲ. ಹಿಂಡನ್ನು ಯಾವ ಕಡೆ ಬಿಡಬೇಕೆಂದು ಹೇಳುವ ದನಿ ಅದು. ಗಲ್ಲಿಯ ಹಿರಿಯರೊಬ್ಬರು ತಲೆಯ ರುಮಾಲು ಸರಿಮಾಡಿಕೊಂಡು ನೆಟ್ಟಗೆ ನಿಂತರು. ಉಳಿದವರೂ ನಿಂತರು.

ತಾರಾಬಾಯಿ ಪಕ್ಕದಲ್ಲಿ ನಿಲ್ಲುವವಳು. ಇವತ್ತು ಪಕ್ಕದಲ್ಲಿ ನಿಂತರೆ ಅವಳೂ ಪಶ್ಚಿಮಕ್ಕೆ ಬೆನ್ನು ಮಾಡಬೇಕಾಗುತ್ತಿತ್ತು. ಹಾಗಾಗಿ ಅವಳು ಕಟ್ಟೆ ಹತ್ತಿ, ಸುಭದ್ರಮ್ಮನ ಎದುರಿಗೇ, ಕೈಯಳತೆಯ ದೂರದಲ್ಲಿ ನಿಂತಳು. ಪಶ್ಚಿಮದ ಉಳಿದ ಬೆಳಕೆಲ್ಲ ಅವಳ ಮುಖದ ಮೇಲಿತ್ತು. ಅಷ್ಟು ಹತ್ತಿರದಲ್ಲಿ, ಅಷ್ಟು ಬೆಳಕಿನಲ್ಲಿ, ಪೊರೆ ಬಂದ ಕಣ್ಣಿಗೂ ಆ ಮುಖ ಚೆನ್ನಾಗಿ ಕಾಣುತ್ತಿತ್ತು. ದಪ್ಪ ಹುಬ್ಬು, ಗದ್ದದ ಹಚ್ಚೆ, ಯಾವಾಗಲೂ ಏನೋ ಅನ್ನಲು ಹೊರಟ ಬಾಯಿ.

"ಮೋಡ ಗೀಡ ಅಂದಿ ಅಂದ್ರ ನೋಡು ಮತ್ತ" ಎಂದಳು ಸುಭದ್ರಮ್ಮ, ಇಬ್ಬರಿಗೇ ಕೇಳುವಷ್ಟು.

(ಇಲ್ಲಿ ನಾನು ಒಂದು ಪ್ರಶ್ನೆ ಕೇಳಿದೆ. ಗಲ್ಲಿಯೆಲ್ಲ ಇವಳ ಮುಖ ನೋಡುತ್ತಿತ್ತು, ಸರಿ. ಚಂದ್ರನನ್ನು ನೋಡಿ ತಿರುಗಿದ ಇವಳು ಇಷ್ಟು ವರ್ಷ ಮೊದಲು ನೋಡಿದ್ದು ಯಾರ ಮುಖ? ಪಕ್ಕದಲ್ಲಿ ಬಾಯಿ ಅರ್ಧ ತೆರೆದು ನಿಂತವಳದ್ದೇ ಅಲ್ಲವೇ? ಹಾಗಾದರೆ ಇವಳ ಬಾಳಿನ ತಿಂಗಳುಗಳೆಲ್ಲ ತಾರಾಬಾಯಿಯ ಗುಣದಂತೆ ನಡೆದವೇ? ಅದನ್ನು ಬರೆಯಬೇಡ, ಆಕೆ ಓದಿದರೆ ತಲೆಯ ಮೇಲೆ ಕೂರುತ್ತಾಳೆ ಎಂದಳು ಸುಭದ್ರಮ್ಮ. ಬರೆದಿದ್ದೇನೆ. ತಾರಾಬಾಯಿ ಕಲಿತ ಶಾಲೆ ತೆಲುಗಿನದು, ಕನ್ನಡ ಅಕ್ಷರ ಬರುವುದಿಲ್ಲ. ನೀವು ಯಾರೂ ಓದಿ ಹೇಳಬೇಡಿ.)

ತಾರಾಬಾಯಿಯ ಕಣ್ಣು ಸುಭದ್ರಮ್ಮನ ತಲೆಯ ಮೇಲಿನ ಆಕಾಶದಲ್ಲಿ ಅತ್ತಿತ್ತ ಹುಡುಕುತ್ತಿತ್ತು. ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಒಂದು ಕಡೆ ನಿಂತಿತು. ಹುಬ್ಬಿನ ಗಂಟು ಸಡಿಲಾಯಿತು. ತುಟಿ ಬಿಚ್ಚಿತು.

ಧರ್ಮಣ್ಣ ಹೋದ ಮೇಲಿನ ಬಿದಿಗೆಯಂದು ತಾರಾಬಾಯಿ ನುಂಗಿಕೊಂಡ ಶಬ್ದ ಅವಳ ಗಂಟಲಿಗೆ ಬಂದು ನಿಂತದ್ದನ್ನು ಸುಭದ್ರಮ್ಮ ಕಣ್ಣಾರೆ ಕಂಡಳು. ಇದಕ್ಕಿಂತ ನಿಚ್ಚಳವಾಗಿ ಅವಳು ಯಾವ ಚಂದ್ರನನ್ನೂ ಕಂಡಿರಲಿಲ್ಲ. ಸುಭದ್ರಮ್ಮನ ಬಾಯಿಯೂ ತೆರೆಯಿತು.

"ಕಂಡೆ!"

ಗಲ್ಲಿಯ ಕೈಗಳೆಲ್ಲ ಬಟ್ಟೆಯ ಅಂಚಿಗೆ ಹೋದವು. ಎಳೆಗಳು ಹಾರಿದವು. ಜನ ಚಂದ್ರನಿಂದ ಕಣ್ಣು ತುಸುವೇ ಇಳಿಸಿ, ಅವನ ಕೆಳಗೇ ನಿಂತಿದ್ದ ಆ ಮುಖವನ್ನು ನೋಡಿದರು.

ಆದರೆ ಕೂಗಿದ್ದು ಯಾರು? ಒಂದೇ ಶಬ್ದ ಕೇಳಿತು, ಇಬ್ಬರ ಬಾಯೂ ತೆರೆದಿದ್ದವು. ನಾನೇ ಮೊದಲು ಅಂದೆ ಎಂದು ತಾರಾಬಾಯಿ. ನಿನ್ನ ಮುಖದ ಮೇಲೆ ನೋಡಿ ನಾನು ಮೊದಲು ಅಂದೆ ಎಂದು ಸುಭದ್ರಮ್ಮ. ಬೆನ್ನು ಮಾಡಿ ನಿಂತವಳಿಗೆ ಕಾಣುವುದುಂಟೇ ಎಂದು ಅವಳು, ಕಂಡದ್ದಕ್ಕೇ ಅಂದೆ ಎಂದು ಇವಳು. ಪಾನಕ ಹಂಚಿ ಮುಗಿಯಿತು, ಜಗಳ ಮುಗಿಯಲಿಲ್ಲ. ಕೊನೆಯ ಬಸ್ಸಿನ ಡ್ಯೂಟಿ ಮುಗಿಸಿ ಬಂದ ಮೌನಿಕಾ ದೂರದಿಂದಲೇ ಇಬ್ಬರ ದನಿ ಕೇಳಿ ನಕ್ಕಳಂತೆ.

ಇಲ್ಲಿಗೆ ಮುಗಿಸೋಣವೆಂದರೆ ಇಬ್ಬರೂ ನನ್ನನ್ನು ಸಾಕ್ಷಿಗೆ ಕರೆಯುತ್ತಿದ್ದಾರೆ. ಬರೆದವನು ನೀನು, ಯಾರು ಮೊದಲು ಎಂದು ಹೇಳು ಎನ್ನುತ್ತಾರೆ. ತೀರ್ಪು ಕೊಡುವುದು ನನ್ನ ಕೆಲಸವಲ್ಲ ಎಂದೆ. ಬಿಡಲಿಲ್ಲ. ಕೊನೆಗೆ, ಆ ಹೊತ್ತಿಗೆ ನಾನು ಚಂದ್ರನನ್ನು ನೋಡುತ್ತಿದ್ದೆ, ನಿಮ್ಮನ್ನು ನೋಡಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಲು ಹೋದೆ. ಸುಭದ್ರಮ್ಮ ಒಪ್ಪುತ್ತಿಲ್ಲ.

"ಸುಳ್ಳ ಹೇಳಬ್ಯಾಡ, ತಮ್ಮಾ. ನೀ ನನ್ನ ಮುಖಾ ನೋಡಾಕ ಹತ್ತಿದ್ದಿ."